ಎಮ್ಮೆ ತಿಂದ ಡೇಲಿಯಾ

ಬೈಲಹೊಂಗಲದ ಬಜಾರದಲ್ಲಿ ಪ್ರಜ್ಞಾಳ ಕಣ್ಣಿಗೆ ಒಂದು ಹೆಸರಿತ್ತು. ಗಿರಾಕಿ ಚೀಲದಿಂದ ಸೀರೆಯನ್ನು ಅರ್ಧ ಎಳೆಯುವಷ್ಟರಲ್ಲೇ, ಅವಳು ಕೆಲಸಕ್ಕಿದ್ದ ಮ್ಯಾಚಿಂಗ್ ಸೆಂಟರಿನಲ್ಲಿ ಅವಳ ಕೈ ಸರಿಯಾದ ಬ್ಲೌಸ್ ಪೀಸಿನ ಮೇಲೆ ಹೋಗಿರುತ್ತಿತ್ತು. "ಬಿಸಲಾಗ ಹಿಡದ ನೋಡತೇವಿ" ಎಂದು ಹೊರಗೆ ಹೋದ ಹೆಂಗಸರು, ನೋಡಿ, ಸುಮ್ಮನೆ ಒಳಗೆ ಬಂದು ಅಳತೆ ಹೇಳುತ್ತಿದ್ದರು. ಅಂಥ ಕಣ್ಣು ಒಂದೇ ಒಂದು ಸಲ ಮೋಸ ಮಾಡಿತು. ಮಾಡಬಾರದ ಜಾಗದಲ್ಲೇ ಮಾಡಿತು.

ಪಕ್ಕದ್ದು ಕಾಂತೇಶನ ಝೆರಾಕ್ಸ್ ಅಂಗಡಿ. ಅವನ ಕಣ್ಣಿಗೆ ಕೆಂಪು, ಹಸಿರು, ಕಂದು ಎಲ್ಲ ಒಂದೇ ತಾಯಿಯ ಮಕ್ಕಳು. ರೈಲ್ವೆ ಪರೀಕ್ಷೆ ಪಾಸಾಗಿ, ಕಣ್ಣಿನ ತಪಾಸಣೆಯಲ್ಲಿ ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಕಾಣದೆ ಮನೆಗೆ ಬಂದವನು. "ಅದಕ್ಕ ಕಪ್ಪು ಬಿಳಿ ಧಂದೆ ಹಿಡದೇನ್ರಿ" ಎಂದು ತಾನೇ ನಗುತ್ತಿದ್ದ. ಯಾರಾದರೂ ಕಲರ್ ಫೋಟೊ ಕೇಳಿದರೆ ಮಾತ್ರ ನಡುವಿನ ಗೋಡೆ ತಟ್ಟುತ್ತಿದ್ದ.

"ಪ್ರಜ್ಞಾ ಅವರ, ಸ್ವಲ್ಪ ಬರ್ರಿ. ಈ ತಮ್ಮನ ಮಾರಿ ಹಸರ ಬಂದೈತೇನ ನೋಡ್ರಿ."

"ಹಸರ ಇಲ್ರಿ. ಕಾಮಣಿ ಆದವರಂಗ ಹಳದಿ ಬಂದೈತಿ."

ಆ ಗೋಡೆಯ ಸದ್ದಿಗಾಗಿ ತಾನು ಕಾಯುತ್ತಿದ್ದೇನೆ ಎಂದು ಪ್ರಜ್ಞಾಳಿಗೆ ಯಾವಾಗಲೋ ಗೊತ್ತಾಗಿಬಿಟ್ಟಿತ್ತು. ಬಾಯಿಬಿಟ್ಟು ಹೇಳುವವರು ಯಾರು?

ಇಂಥ ಕಾಂತೇಶನಿಗೆ ಇದ್ದ ಹುಚ್ಚು ಎಂಥದ್ದು ಅಂತೀರಿ? ಡೇಲಿಯಾ ಹೂವಿನದ್ದು. ಸಂಪಗಾಂವದ ಮನೆಯ ಹಿತ್ತಲಲ್ಲಿ ಬೀಜ ಹಾಕಿ ಹೊಸ ಹೊಸ ಡೇಲಿಯಾ ಎಬ್ಬಿಸುತ್ತಿದ್ದ. ಗಡ್ಡೆಯಿಂದ ಬಂದ ಗಿಡ ತಾಯಿಯಂತೆಯೇ ಇರುತ್ತದೆ, ಆದರೆ ಬೀಜದಿಂದ ಬಂದದ್ದು ಯಾರ ಹಾಗೂ ಇರುವುದಿಲ್ಲ. ಒಂದು ಬೀಜಕ್ಕೆ ಒಂದು ಹೂವು, ಜಗತ್ತಿನಲ್ಲಿ ಅದೊಂದೇ. ಚೆನ್ನಾಗಿದ್ದರೆ ಗಡ್ಡೆ ಕಾಪಾಡಿ ಮುಂದಿನ ವರ್ಷ ಹೆಚ್ಚಿಸಬೇಕು, ಇಲ್ಲದಿದ್ದರೆ ಕಿತ್ತೆಸೆಯಬೇಕು. ದಂಟಿನ ಗಟ್ಟಿತನ, ಎಸಳಿನ ಜೋಡಣೆ ಅವನೇ ನೋಡುತ್ತಿದ್ದ. ಬಣ್ಣ ನೋಡುವವರಿರಲಿಲ್ಲ.

ಹೋದ ಜನವರಿಯಲ್ಲಿ, ಒಂದು ರವಿವಾರ, ಅವನ ತಾಯಿ ಕೃಷ್ಣವ್ವನಿಗೆ ಬ್ಲೌಸ್ ಪೀಸು ಕೊಡುವ ನೆಪದಲ್ಲಿ ಪ್ರಜ್ಞಾ ಸಂಪಗಾಂವದ ಬಸ್ಸು ಹತ್ತಿದಳು. ಹಿತ್ತಲಲ್ಲಿ ಎಲ್ಲವನ್ನೂ ಕಿತ್ತು ಎರಡೇ ಗಿಡ ಉಳಿದಿದ್ದವು. ಒಂದಕ್ಕೇ ಜಾಗ, ಇನ್ನೊಂದರ ಜಾಗದಲ್ಲಿ ಮೆಂತ್ಯ ಹಾಕುತ್ತೇನೆಂದು ಕೃಷ್ಣವ್ವ ಬೀಜ ನೆನೆಹಾಕಿಯೇ ಕುಳಿತಿದ್ದಳು.

"ನನಗ ಎರಡೂ ಮಣ್ಣಿನಂಗ ಕಾಣತಾವ್ರಿ. ನಿಮ್ಮ ಕಣ್ಣಾಗ ಯಾವುದು ಛಲೋ ಐತಿ, ಬೆರಳ ಮಾಡಿ ತೋರಸ್ರಿ."

ಅವನು ಮೊಳಕಾಲೂರಿ ಕುಳಿತಿದ್ದ. ಕತ್ತಿನ ಹಿಂದೆ ಬಿಸಿಲು ಬಿದ್ದಿತ್ತು, ಕಿವಿಯ ಹತ್ತಿರ ಒಂದು ಚೂರು ಮಣ್ಣು. ಹೂವಿನ ಕೆಳಗೆ ಎರಡು ಬೆರಳು ಕೊಟ್ಟು, ಮಗುವಿನ ಗದ್ದ ಹಿಡಿದಂತೆ ಎತ್ತಿ ಹಿಡಿದಿದ್ದ. ಆ ಮಣ್ಣನ್ನು ಒರೆಸಬೇಕೆನಿಸಿ ಪ್ರಜ್ಞಾ ಮೈಮರೆತಳು. ಅವನು ತಲೆ ಎತ್ತಿದಾಗ ಗಾಬರಿಯಾಗಿ ಕೈ ಎತ್ತಲೋ ತೋರಿಸಿತು.

"ಇದು."

ಅವನು ಇನ್ನೊಂದನ್ನು ಗಡ್ಡೆ ಸಮೇತ ಕಿತ್ತು ತಿಪ್ಪೆಯ ಕಡೆ ಎಸೆದ.

ಚಹಾ ಕುಡಿದು ಹೊರಡುವಾಗ ತಿಪ್ಪೆಯ ಮೇಲೆ ಮಲಗಿದ್ದ ಆ ಹೂವು ಕಂಡಿತು. ಪ್ರಜ್ಞಾ ಅಲ್ಲೇ ನಿಂತಳು. ಕೆಂಪಲ್ಲ, ಕೇಸರಿಯಲ್ಲ. ತುದಿಗೆ ಬೆಳಕು ಹಚ್ಚಿಟ್ಟ ಹಾಗೆ, ಒಳಗೆ ಹೋದಂತೆ ಗಾಢವಾಗುವ ಬಣ್ಣ. ಅಂಗಡಿಯ ಯಾವ ಕಪಾಟಿನಲ್ಲೂ ಅವಳು ಅಂಥದ್ದನ್ನು ಕಂಡಿರಲಿಲ್ಲ. ಉಳಿಸಿಕೊಂಡದ್ದೋ, ನೀರಿಗೆ ಹಾಕಿದಾಗ ಬಣ್ಣ ಬಿಟ್ಟ ಅಸ್ತರದ ಹಾಗೆ ಮಂಕು ಇಟ್ಟಂಗಿ ಬಣ್ಣ.

ಆಗಲೇ ಹೇಳಬಹುದಿತ್ತು. ಹೇಳಿದರೆ ಅವನು ಕೇಳುತ್ತಾನೆ: ಮತ್ತೆ ಆಗ ಎತ್ತ ನೋಡುತ್ತಿದ್ದಿರಿ? ಆ ಪ್ರಶ್ನೆಗೆ ಹೆದರಿ ಪ್ರಜ್ಞಾ ಬಸ್ಸು ಹತ್ತಿದಳು. ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಅಳತೆ ಕೇಳುವ ನೆಪ ಮಾಡಿಕೊಂಡು ಮತ್ತೆ ಓಡಿದಳು.

"ಆ ಗಿಡನಾ? ಎಮ್ಮಿ ತಿಂದು ಮುಗಿಸ್ತಲ್ಲವಾ, ಗಡ್ಡಿ ಸಮೇತ," ಎಂದಳು ಕೃಷ್ಣವ್ವ. "ಯಾಕ, ಬೇಕಾಗಿತ್ತೇನು?"

"ಇಲ್ರಿ ಯವ್ವಾ. ಸುಮ್ಮ ಕೇಳಿದೆ."

ಎಮ್ಮೆ ಮೆಲುಕು ಹಾಕುತ್ತ ಅವಳನ್ನೇ ನೋಡುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅದಕ್ಕೂ ಗೊತ್ತಾಗಿದೆ ಅನಿಸಿತು ಪ್ರಜ್ಞಾಳಿಗೆ.

ಆಮೇಲೆ ಗೋಡೆ ಸದ್ದಾದಾಗಲೆಲ್ಲ ಅವಳ ಎದೆ ಮೊದಲು ಹಿಗ್ಗುತ್ತಿತ್ತು, ಹಿಂದೆಯೇ ಕುಗ್ಗುತ್ತಿತ್ತು. "ನಿಮ್ಮ ಗಿಡ ಗಡ್ಡಿ ಛಲೋ ಕಟ್ಟೈತ್ರಿ" ಎಂದು ಅವನು ಹೇಳಿದರೆ ನಗುವಳು. ಮನೆಗೆ ಹೋಗಿ ಅನ್ನ ಸೇರದೆ ಕೂರುವಳು. ನಂಬಿದವನಿಗೆ ಮೋಸ ಮಾಡಿ ಅವನಿಂದಲೇ ಹೊಗಳಿಸಿಕೊಳ್ಳುವುದು ಎಂಥ ಬಾಳು?

ಈ ಡಿಸೆಂಬರಿನಲ್ಲಿ ಅವನೇ ಕರೆದುಕೊಂಡು ಹೋಗಿ ತೋರಿಸಿದ. ಹಿತ್ತಲ ಉದ್ದಕ್ಕೂ ಒಂದು ಸಾಲು, ಎಲ್ಲ ಅದೇ ಮಂಕು ಹೂವು.

"ಮುಂದಿನ ಐತವಾರ ಬೆಳಗಾವಿ ಹೂವಿನ ಪ್ರದರ್ಶನಕ್ಕ ಒಯ್ಯತೇನ್ರಿ. ಹೆಸರೂ ಇಟ್ಟೇನಿ." ಅವನು ಅವಳನ್ನು ನೋಡದೆ ಒಂದು ಎಲೆ ಸರಿಪಡಿಸಿದ. "ಪ್ರಜ್ಞಾ ಅಂತ. ನೀವು ಸಿಟ್ಟಾಗಂಗಿಲ್ಲ ಅಂದ್ರ."

ಯಾವ ಹುಡುಗಿಗೆ ಇಂಥ ಮಾತು ಬೇಡ? ಪ್ರಜ್ಞಾಳ ಕಣ್ಣು ತುಂಬಿತು. ಸುಮ್ಮನಿದ್ದರೆ ಅವನು ತನ್ನವನಾಗುತ್ತಾನೆ. ಆದರೆ ಬೆಳಗಾವಿಯಲ್ಲಿ ಕಣ್ಣಿದ್ದವರೆಲ್ಲ ಸುತ್ತ ನಿಂತು ನಗುವಾಗ, ಯಾಕೆ ನಗುತ್ತಾರೆಂದು ತಿಳಿಯದೆ ನಿಲ್ಲುವವನೂ ಅವನೇ.

"ಒಯ್ಯಬ್ಯಾಡ್ರಿ."

"ಯಾಕ್ರಿ?"

"ಬಣ್ಣ ಛಲೋ ಇಲ್ಲ. ಇಟ್ಟಂಗಿ ತೊಳದ ನೀರಿನಂಗ ಐತಿ. ಎಮ್ಮಿ ತಿಂದಿದ್ದ ಖರೇ ಹೂ."

"ಆವತ್ತ ನೀವ ತೋರಿಸಿದ್ರಲ್ಲ."

"ಆವತ್ತ ನಾ ಹೂ ನೋಡಲಿಲ್ರಿ." ಉಳಿದದ್ದನ್ನೂ ಹೇಳಿಬಿಟ್ಟಳು. "ನಿಮ್ಮನ್ನ ನೋಡಾಕತ್ತಿದ್ದೆ."

ಇಷ್ಟು ದಿನ ಬಚ್ಚಿಟ್ಟ ಪ್ರೀತಿ ಹೊರಗೆ ಬಿದ್ದದ್ದು ಹೀಗೆ, ತಪ್ಪಿನ ಬೆನ್ನ ಮೇಲೆ ಕುಳಿತು.

"ವರ್ಷ ಆತು," ಎಂದ ಕಾಂತೇಶ. "ಒಂದ ದಿನಾನೂ ಹೇಳಬೇಕ ಅನಸಲಿಲ್ಲೇನು? ನಾ ನಿಮ್ಮ ಕಣ್ಣಿಲೆ ನೋಡತಿದ್ದೆ. ನನಗ ಬ್ಯಾರೆ ಕಣ್ಣ ಇರಲಿಲ್ಲ."

ಅವನು ಒಳಗೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ರಜ್ಞಾ ಒಬ್ಬಳೇ ಬಸ್ ನಿಲ್ದಾಣಕ್ಕೆ ನಡೆದಳು.

ಮಾರನೆಯ ದಿನದಿಂದ ಗೋಡೆ ಸುಮ್ಮನಾಯಿತು. ಆಚೆ ಕಲರ್ ಪ್ರಿಂಟರ್ ಓಡುವ ಸದ್ದು ಕೇಳುತ್ತಿತ್ತು, ಕರೆ ಬರುತ್ತಿರಲಿಲ್ಲ. ಒಬ್ಬ ಹುಡುಗಿ ಹಳದಿ ಮುಖದ ಫೋಟೊ ಹಿಡಿದು ಗೊಣಗುತ್ತ ಹೋದದ್ದನ್ನು ಕಂಡು ಪ್ರಜ್ಞಾ ಗೋಡೆಯವರೆಗೆ ಹೋಗಿ ವಾಪಸ್ ಬಂದಳು.

"ಏನ, ಆ ಗ್ವಾಡಿಗೆ ಬಾಯಿ ಹೋತೇನು?" ಎಂದು ಅಂಗಡಿಯ ಮಾಲಕಿ ರಾಜೇಶ್ವರಿ ಕೇಳಿದಳು.

"ನಾನ ಕಳದೆ, ಅಕ್ಕಾ."

ಬೆಳಗಾವಿ ಪ್ರದರ್ಶನ ಮುಗಿದ ಮರುದಿನ ಗೋಡೆ ಸದ್ದಾಯಿತು. ಪ್ರಜ್ಞಾ ಕತ್ತರಿಸುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ.

"ಬೆಳಗಾವಿಗೆ ಹೋಗಲಿಲ್ರಿ," ಎಂದ ಕಾಂತೇಶ. "ನಿಮ್ಮ ಮ್ಯಾಲೆ ಸಿಟ್ಟಿತ್ತು. ಆಮ್ಯಾಲೆ ವಿಚಾರ ಮಾಡಿದೆ. ಬಣ್ಣ ನನಗ ಕಾಣಂಗಿಲ್ಲ, ಖರೆ. ದಂಟ ಕಾಣತಿತ್ತಲ್ಲ? ನೀವು ತೋರಿಸಿದ ಹೂ ಕುತ್ತಿಗಿ ಬಗ್ಗಸತಿತ್ತು, ಎಸಳ ಹರದಿದ್ವು. ಕಿತ್ತ ಒಗದಿದ್ದು ನೆಟ್ಟಗ ನಿಂತಿತ್ತು. ಗೊತ್ತಿದ್ದೂ ನಾ ಅದನ್ನ ಒಗದೆ."

"ಯಾಕ್ರಿ ಮತ್ತ?"

"ನಿಮ್ಮ ಬೆರಳ ಇನ್ನೊಂದರ ಕಡೆ ಇತ್ತು." ಅವನು ಪ್ರಿಂಟರಿನ ಮೇಲಿನ ಧೂಳು ಒರೆಸಿದ. ಅಲ್ಲಿ ಧೂಳು ಇರಲಿಲ್ಲ. "ನಿಮ್ಮ ಹೆಸರಿಡಾಕ ಒಂದ ಹೂ ಬೇಕಾಗಿತ್ತು ನನಗ. ಆವತ್ತ ನಾನೂ ಹೂ ನೋಡಲಿಲ್ಲ."

ಪ್ರಜ್ಞಾ ಕೌಂಟರ್ ಹಿಡಿದುಕೊಂಡು ನಿಂತಳು.

"ಎಮ್ಮಿ ತಿಂದಿದ್ದು ತಿರಗಿ ಬರಂಗಿಲ್ಲ," ಎಂದ ಅವನು. "ಆದ್ರ ಎರಡೂ ಮಗ್ಗಲದಾಗ ಅರಳಿದ್ವು. ಜೇನಹುಳ ಇದರಿಂದ ಅದಕ್ಕ, ಅದರಿಂದ ಇದಕ್ಕ ಓಡಾಡಿರತಾವು. ಈ ಮಂಕ ಹೂವಿನ ಹೋದ ವರ್ಷದ ಬೀಜ ಮಳಿಗಾಲದಾಗ ಹಾಕಿದ್ದೆ, ಹಿತ್ತಲ ಮೂಲ್ಯಾಗ. ಈಗ ಮೊಗ್ಗ ಹಿಡದಾವು. ಬಣ್ಣ ಹೇಳೋರ ಬೇಕು."

"ನನ್ನ ನಂಬತೀರೇನು?"

"ಛಲೋ ಇಲ್ಲ ಅಂತ ನನ್ನ ಮುಂದ ಹೇಳಿದವರು ನೀವ ಒಬ್ರ."

ಸಂಕ್ರಾಂತಿ ಕಳೆದ ರವಿವಾರ ಇಬ್ಬರೂ ಹಿತ್ತಲಲ್ಲಿ ನಿಂತರು. ಪ್ರಜ್ಞಾ ಒಂದೊಂದು ಹೂವಿನ ಮುಂದೆಯೂ ಬಗ್ಗಿ, ಬಿಸಿಲಿಗೆ ತಿರುಗಿಸಿ ನೋಡಿದಳು. ಅವನ ಕಡೆ ಕಣ್ಣು ಹಾಯಿಸಲಿಲ್ಲ.

"ಇದು?"

"ಬ್ಯಾಡ್ರಿ. ಸಗಣಿ ಬಣ್ಣ."

"ಇದು?"

"ಕಿತ್ತ ಒಗೀರಿ."

ಅವನು ನಗುತ್ತ ಕಿತ್ತ. ಕೃಷ್ಣವ್ವನ ಎಮ್ಮೆಗೆ ಹಬ್ಬವೋ ಹಬ್ಬ. ಕೊನೆಗೆ ಒಂದೇ ಗಿಡ ಉಳಿಯಿತು, ದಂಟು ನೆಟ್ಟಗಿತ್ತು. ಮೊಗ್ಗು ಇನ್ನೂ ಬಿಗಿದುಕೊಂಡಿತ್ತು. ತುದಿಯಲ್ಲಿ ಒಂದಿಷ್ಟು ಬಣ್ಣ ಇಣುಕುತ್ತಿತ್ತು. ಪ್ರಜ್ಞಾ ಬಹಳ ಹೊತ್ತು ನೋಡಿದಳು.

"ಅದ ಬಣ್ಣೇನ್ರಿ, ಎಮ್ಮಿ ತಿಂದಿದ್ದು?" ಅವನ ದನಿ ಸಣ್ಣದಾಗಿತ್ತು.

ಹೌದು ಎಂದರೆ ಅವನ ಮುಖ ಅರಳುತ್ತಿತ್ತು. ಪ್ರಜ್ಞಾಳಿಗೆ ಅದು ಗೊತ್ತಿತ್ತು.

"ಗೊತ್ತಿಲ್ರಿ. ಇನ್ನೂ ಬಿಚ್ಚಿಲ್ಲ. ನಾಳೆ ಬಂದ ನೋಡತೇನಿ."

"ನಾಳೆ ಬಿಚ್ಚಲಿಲ್ಲಂದ್ರ?"

"ನಾಡದ ಬರತೇನಿ."

"ದಿನಾ ಬಸ್ಸಿಗೆ ಓಡಾಡೂದು ತ್ರಾಸ ಆಕ್ಕೈತಿ." ಕಾಂತೇಶ ಮಣ್ಣಿನ ಕೈಗಳನ್ನು ಒಂದಕ್ಕೊಂದು ತಿಕ್ಕಿದ. "ಇಲ್ಲೇ ಇರಾಕ ಬರತೀರೇನು? ಅವ್ವಗೂ ಕೇಳೇನಿ. ಮೆಂತ್ಯ ಹಾಕಾಕ ಜಾಗಾ ಬಿಟ್ರ ಸಾಕಂತ."

ಅವನ ಕಿವಿಯ ಹತ್ತಿರ ಈ ಸಲವೂ ಒಂದು ಚೂರು ಮಣ್ಣಿತ್ತು. ಪ್ರಜ್ಞಾ ಕೈ ಚಾಚಿ ಅದನ್ನು ಒರೆಸಿದಳು. ಆಮೇಲೆ ಹೂವನ್ನು ಬಿಟ್ಟು ಅವನನ್ನೇ, ಕಣ್ಣು ತಪ್ಪಿಸದೆ, ನೋಡಿದಳು.

"ಬರತೇನಿ," ಎಂದಳು.