ಹ್ವಾಯ್ ಎಂದ ಬಾವಿ

ಚೈತ್ರದ ಬಿಸಿಲು ಏರುವ ಮೊದಲೇ ತಲ್ಲೂರಿನ ಗದ್ದೆಗಳಲ್ಲಿ ನೆಲಗಡಲೆ ಕೀಳುವ ಕೆಲಸ ಶುರುವಾಗಿತ್ತು. ಗಿಡಗಳ ಬುಡದ ಮಣ್ಣು ಕೊಡವುತ್ತಿದ್ದ ದುಗ್ಗಪ್ಪ, ಸೋದರಳಿಯನ ಕಾರು ಕಂಡು ಅಂಚಿಗೆ ಬಂದ. ಪುಣೆಯಲ್ಲಿ ಹೋಟೆಲು ನಡೆಸುವ ಶೈಲೇಶ್ ರಜೆಗೆ ಬಂದವನು, ಘಟ್ಟ ಹತ್ತಿ ಹಳೆಯ ಕೋಟೆಪೇಟೆ ನೋಡಿ ಸಂಜೆಗೆ ಮರಳುವವನಿದ್ದ. ತಿರುವುಗಳಲ್ಲಿ ವಾಂತಿಯಾಗುತ್ತದೆಂದು ಹೆಂಡತಿ ವಿಜೇತಾ ಮನೆಯಲ್ಲೇ ಉಳಿದಿದ್ದಳು.

"ಕೋಟೆ ಒಳ್ಗ್ ಒಂದ್ ಬಾವಿ ಇತ್ತ್, ಮಗಾ. ಅಲ್ಲ್ ಯಾರ್ ಕರದ್ರೂ ಓ ಅಂಬುಕಾಗ, ಓಗೊಟ್ರೆ ಕೆಟ್ಟೆ."

"ಎಂತ ಮಾವ, ಬಾವಿಯೂ ಮೊಬೈಲ್ ಇಟ್ಕಂಡಿತ್ತಾ?"

ದುಗ್ಗಪ್ಪ ನಗಲಿಲ್ಲ. "ಹಿಂದೆ ನಮ್ಮೂರವ್ರ್ ಎತ್ತಿನ್ ಮೇಲೆ ಉಪ್ಪ್ ಹೇರ್ಕಂಡ್ ಆ ಪೇಟೆಗ್ ಹೋತಿದ್ರ್. ಒಬ್ಬ ಅಲ್ಲಿನ್ ಮಂತ್ರವಾದಿಗೆ ಎದ್ರ್ ಮಾತಾಡ್ದ. ಅಂವ ಇವ್ನ್ ಸ್ವರ ಕಿತ್ತ್ ಬಾವಿಗ್ ಹಾಕ್ದ. ಬದ್ಲಿ ಸ್ವರ ಸಿಕ್ಕುವರೆಗೆ ಅದ್ ಕರೀತೇ ಇರತ್ತ್."

ಶೈಲೇಶ್ ನಗುತ್ತಲೇ ಗಾಡಿ ಬಿಟ್ಟ.

ಕೋಟೆಪೇಟೆಯ ಗಾಳಿ ತಣ್ಣಗಿತ್ತು, ಮುಖಗಳೂ ಹಾಗೆಯೇ. ಚಹಾದಂಗಡಿಯ ಹೆಂಗಸು ಅವನ ಮಾತಿನ ಧಾಟಿ ಕೇಳಿದ್ದೇ ಲೋಟ ಕುಕ್ಕಿದಳು. "ಘಟ್ಟದ ಕೆಳಗಿನೋರಾ? ಕುಡಿದು ಇಳಿದುಬಿಡಿ."

ಕೋಟೆಯೊಳಗೆ ಬಾವಲಿ ಹಿಕ್ಕೆಯ ನಾತ. ಬಾವಿಯ ದಂಡೆಯ ಮೇಲೆ ಕರಿದಾರ ಸುತ್ತಿದ ನಿಂಬೆಹಣ್ಣು, ಒಣಗಿದ ಕುಂಕುಮ. ಶೈಲೇಶ್ ಬೂಟಿನ ತುದಿಯಿಂದ ಹಣ್ಣನ್ನು ಒಳಗೆ ಒದ್ದ. ನೀರಿನ ಸದ್ದು ಬರಲಿಲ್ಲ. ಫೋಟೋಕ್ಕೆಂದು ಮೊಬೈಲು ಹಿಡಿದು ಬಗ್ಗಿದ. ಒದ್ದೆ ಗೋಣಿಯ ವಾಸನೆ, ಉಪ್ಪಿನ ವಾಸನೆ ಮೇಲೆದ್ದಿತು. ಹಕ್ಕಿಗಳು ಸುಮ್ಮನಾದವು.

"ಹ್ವಾಯ್!"

ಪುಣೆಯ ರಸ್ತೆಯಲ್ಲಿ ತನ್ನೂರಿನವರದೇ ಆದ ಆ ಕೂಗು ಕಿವಿಗೆ ಬಿದ್ದರೆ ಅವನು ಗುರುತಿಲ್ಲದವರಿಗೂ ಗಾಡಿ ನಿಲ್ಲಿಸುತ್ತಿದ್ದ. ಮಾವನ ಮಾತು ನೆನಪಾಗುವ ಮೊದಲೇ ಬಾಯಿ ತೆರೆದಿತ್ತು.

"ಓಯ್! ಯಾರದ್? ಯಾವೂರಾಯ್ತ್?"

ಯಾರೂ ಇರಲಿಲ್ಲ. ಗಂಟಲೊಳಗೆ ತಣ್ಣನೆಯ ಬೆರಳು. ಎಳೆಯಿತು. ಬಾಯಿತುಂಬ ಉಪ್ಪು. ಮೊಬೈಲು ಕೈಜಾರಿ ಬಾವಿಗೆ ಬಿತ್ತು. ಕೂಗಿದ. ಸದ್ದಿಲ್ಲ. ಮತ್ತೆ ಕೂಗಿದ. ಸದ್ದಿಲ್ಲ. ಬಾವಿಯ ತಳದಲ್ಲಿ ಅವನದೇ ಸ್ವರ ಮೆಲ್ಲಗೆ ಕೆಮ್ಮಿ, ಗಂಟಲು ಸರಿಮಾಡಿಕೊಂಡಿತು.

ದೀಪ ಹಚ್ಚುವ ಹೊತ್ತಿಗೆ ಕಾರು ಅಂಗಳಕ್ಕೆ ಬಂತು. ಕಾಯಿ ಬಿಡಿಸುತ್ತ ಕುಳಿತಿದ್ದ ದುಗ್ಗಪ್ಪ ಅವನ ಮುಖ ನೋಡಿದ. "ಓ ಅಂದ್ಯಾ?"

ಶೈಲೇಶ್ ಹೌದೆಂದು ತಲೆಯಾಡಿಸಿದ.

"ಉಪ್ಪಿನವ್ನ್ ಋಣ ತೀರ್ತ್. ಇನ್ ಕರೂದ್ ನಿನ್ ಸ್ವರ..."

ಒಳಗೆ ವಿಜೇತಾಳ ಮೊಬೈಲು ಬಡಿದುಕೊಂಡಿತು. ಶೈಲೇಶ್ ಓಡಿದ. ಚಾವಡಿ ದಾಟಿದ. ಹೊಸಿಲು ಎಡವಿದ. ಬಿದ್ದ. ಎದ್ದ. ಅವಳ ಕೈಯಲ್ಲಿ ಮೊಬೈಲು. ಅದರಿಂದ ಅವನ ಸ್ವರ, ಎಂದಿನ ಅಕ್ಕರೆಯಲ್ಲೇ: "ಹ್ವಾಯ್, ವಿಜೇತಾ..."

"ಓ! ಎಲ್ಲಿದ್ರಿ? ಚಾ ಆರ್ತ್."

"ಓಗೊಡ್ಬೇಡ!"

ಕೂಗು ಶೈಲೇಶನ ಗಂಟಲಿನಿಂದಲೇ ಬಂದಿತ್ತು, ಸ್ಪಷ್ಟವಾಗಿ. ವಿಜೇತಾ ತಿರುಗಿದಳು. ಅವಳ ತುಟಿ ಅಲುಗಿತು, ಮತ್ತೆ ಅಲುಗಿತು. ಸದ್ದಿಲ್ಲ.

ಮೊಬೈಲಿನೊಳಗೆ ಒಬ್ಬ ಹೆಂಗಸು ಮೆಲ್ಲಗೆ ಕೆಮ್ಮಿದಳು.