ಹಿತ್ತಲಿನ ಬುಗ್ಗೆಗೆ ನಾಲ್ಕು ಸ್ಟಾರ್

"ಇದು ಬುಗ್ಗೆ ಅಲ್ಲ ಕಣೋ. ಇದು ನಿಮ್ಮ ಮಾವನ ಹೋಟೆಲಿನ ಗೀಸರ್," ಎಂದಳು ತ್ರಿವೇನಾ.

ರಿವಾಲ್ಡೋ ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ. "ನೀರು ಬಿಸಿ ಇರತ್ತೆ ತಾನೇ?"

"ಕರೆಂಟಿದ್ರೆ ಬಿಸಿ ಇರತ್ತೆ."

"ಸರಿ, ಹಾಗಂತಾನೇ ಬರೀತೀನಿ." ಅವನು ಬಿಸಿಯ ಕಾಲಮ್ಮಿನಲ್ಲಿ 'ಕರೆಂಟಿದ್ದರೆ ಬಿಸಿ' ಎಂದು ಟೈಪ್ ಮಾಡಿ ಮುಂದಿನ ಸಾಲಿಗೆ ಹೋದ.

ಆರನೇ ಕ್ಲಾಸಿನವರು ವೆಬ್‌ಸೈಟ್ ಮಾಡುತ್ತಿದ್ದರು. ತೊಂಡಾನೊ ಸರೋವರದ ಸುತ್ತಲಿನ ಬಿಸಿನೀರಿನ ಬುಗ್ಗೆಗಳೆಲ್ಲ ಅದರಲ್ಲಿ ಇರಬೇಕಿತ್ತು. ಆ ಕಡೆ ಬುಗ್ಗೆಗಳಿಗೇನೂ ಬರವಿಲ್ಲ. ಗದ್ದೆಯ ಬದುವಿನಲ್ಲಿ ಒಂದು, ಚರ್ಚಿನ ಹಿಂದೆ ಒಂದು, ರಸ್ತೆ ಪಕ್ಕದ ಚರಂಡಿಯಲ್ಲೂ ಒಂದು. ಕೆಲವುಗಳಲ್ಲಿ ಜನ ಸ್ನಾನ ಮಾಡುತ್ತಾರೆ, ಕೆಲವುಗಳಲ್ಲಿ ಬಟ್ಟೆ ಒಗೆಯುತ್ತಾರೆ, ತೀರಾ ಬಿಸಿ ಇರುವುದರಲ್ಲಿ ಜೋಳದ ತೆನೆ ಬೇಯಿಸುತ್ತಾರೆ. ಯಾವುದು ಯಾತಕ್ಕೆ ಎಂದು ಊರಿನವರಿಗೆ ಗೊತ್ತು. ಹೊರಗಿನಿಂದ ಬಂದವರು ಜೋಳದ ಬುಗ್ಗೆಯ ಮುಂದೆ ಟವೆಲ್ ಹಿಡಿದು ನಿಂತಿರುತ್ತಾರೆ.

ಕಂಪ್ಯೂಟರ್ ಮೇಷ್ಟ್ರು ಎಂಗ್ಕು ನೋಲ್ಡಿ (ಅಲ್ಲಿ ಮೇಷ್ಟ್ರನ್ನು ಎಂಗ್ಕು ಎನ್ನುತ್ತಾರೆ) ಎಲ್ಲಿಂದಲೋ ಒಂದು ಹಳೆಯ ಸ್ಪ್ರೆಡ್‌ಶೀಟ್ ತಂದಿದ್ದರು. ಯಾರೋ ಯಾವಾಗಲೋ ಬುಗ್ಗೆಗಳ ಹೆಸರು ತುಂಬಿಸಿ ಅರ್ಧಕ್ಕೆ ಬಿಟ್ಟಿದ್ದು.

"ಒಂದು ಸಾಲು, ಒಂದು ಬುಗ್ಗೆ," ಎಂದಿದ್ದರು ಅವರು. "ಹೆಸರು, ಜಾಗ, ನೀರು ಎಷ್ಟು ಬಿಸಿ, ಟಿಕೆಟ್ ಎಷ್ಟು, ಟಾಯ್ಲೆಟ್ ಇದೆಯಾ. ನೀವೇ ಹೋಗಿ ನೋಡಿ, ತಪ್ಪಿದ್ರೆ ತಿದ್ದಿ, ಫೋಟೋ ತನ್ನಿ. ಸಾಲು ಸರಿಯಾದ್ರೆ ವೆಬ್‌ಸೈಟಲ್ಲಿ ಅದರ ಪುಟ ತಾನಾಗೇ ಬರತ್ತೆ."

ತ್ರಿವೇನಾಳ ಪಾಲಿಗೆ ಅವಳ ರಸ್ತೆಯ ಸಾಲುಗಳು ಬಂದಿದ್ದವು. ಶಾಲೆಯ ಥರ್ಮಾಮೀಟರ್ ಚೀಲದಲ್ಲಿಟ್ಟುಕೊಂಡು ಅವಳು ಎಲ್ಲ ಕಡೆ ಹೋಗಿ ಬಂದಳು. ಒಂದು ಬುಗ್ಗೆ ಬತ್ತಿಹೋಗಿತ್ತು. ಇನ್ನೊಂದನ್ನು ರಿವಾಲ್ಡೋ ಆಗಲೇ ಬೇರೆ ಹೆಸರಿನಲ್ಲಿ ತನ್ನ ಪಾಲಿಗೆ ಹಾಕಿಕೊಂಡಿದ್ದ. ಮೂರನೆಯದು ಬುಗ್ಗೆಯೇ ಅಲ್ಲ, ಬೆರ್ನಾರ್ಡ್ ಎಂಬುವರ ಹೆಸರು ತಪ್ಪಿ ಬುಗ್ಗೆಯ ಕಾಲಮ್ಮಿಗೆ ಬಂದಿತ್ತು. ಅವರು ಮನೆಯಲ್ಲೇ ಸಿಕ್ಕರು. ಬಿಸಿಯಾಗಿರಲಿಲ್ಲ.

ಹಾಗಾಗಿ ಬೋರ್ಡಿನ ಮೇಲೆ ಎಲ್ಲರ ಹೆಸರಿನ ಮುಂದೆಯೂ ಅವರು ಮುಗಿಸಿದ ಬುಗ್ಗೆಗಳ ಸಂಖ್ಯೆ ಇದ್ದರೆ, ತ್ರಿವೇನಾಳ ಮುಂದೆ ಸೊನ್ನೆ ಇತ್ತು. ಎಂಗ್ಕು ಅದನ್ನು ಬಹಳ ದುಂಡಗೆ ಬರೆದಿದ್ದರು.

"ಗೀಸರಾದ್ರೂ ಇರ್ಬೇಕಿತ್ತು ನಿಮ್ಮನೇಲಿ," ಎಂದ ರಿವಾಲ್ಡೋ.

ತ್ರಿವೇನಾಳ ಮನೆಯಲ್ಲಿ ಗೀಸರ್ ಇರಲಿಲ್ಲ. ಬೇಕಾಗಿರಲಿಲ್ಲ. ಹಿತ್ತಲಿನಲ್ಲಿ, ಕೋಳಿಗೂಡಿನ ಆಚೆ, ಬಾಳೆಗಿಡಗಳ ನಡುವೆ ಕಲ್ಲು ಕಟ್ಟಿದ ಒಂದು ಚಿಕ್ಕ ಹೊಂಡವಿತ್ತು. ನೆಲದಿಂದ ಬಿಸಿನೀರು ತಾನಾಗಿ ಉಕ್ಕಿ ಬಂದು, ಹೆಚ್ಚಾದದ್ದು ಗದ್ದೆಯ ಕಡೆ ಹರಿದುಹೋಗುತ್ತಿತ್ತು. ಹಳೆಯ ಶೀಟಿನಲ್ಲಿ ಅದರ ಹೆಸರೇ ಇರಲಿಲ್ಲ.

ಅವಳು ಮೌಸ್ ಹಿಡಿದು ಹೊಸ ಸಾಲು ಸೇರಿಸಿದಳು. ಹೆಸರು: ಓಮಾ ದೀನ್ ಬುಗ್ಗೆ. ಬಿಸಿ: ನಲವತ್ತೊಂದು ಡಿಗ್ರಿ. ಟಿಕೆಟ್: ಇಲ್ಲ. ಟಾಯ್ಲೆಟ್: ಕೇಳಿದರೆ ಕೊಡುತ್ತಾರೆ.

ದೀನ್ ಅವಳ ಅಜ್ಜಿ. ಓಮಾ ಎಂದೇ ಕರೆಯುವುದು. ಓಮಾಳನ್ನು ಒಂದು ಮಾತು ಕೇಳಬೇಕು ಎಂದು ತ್ರಿವೇನಾಗೆ ಹೊಳೆಯಲಿಲ್ಲ. ಮನೆಗೆ ಹೋಗಿ ಫೋಟೋ ತೆಗೆದಳು. ಫೋಟೋದಲ್ಲಿ ಒಂದು ಕೋಳಿಯೂ ಬಂತು.

ವೆಬ್‌ಸೈಟ್ ಶುರುವಾದ ಮೊದಲ ಶನಿವಾರವೇ ಮನೆಯ ಮುಂದೆ ಕಾರು ನಿಂತಿತು. ಮನಾಡೊ ಪೇಟೆಯಿಂದ ಬಂದಿದ್ದ ಗಂಡ, ಹೆಂಡತಿ, ಮಕ್ಕಳು, ಜೊತೆಗೆ ಗಾಳಿ ತುಂಬಿದ ಒಂದು ಹಳದಿ ಬಾತುಕೋಳಿ.

"ಬುಗ್ಗೆ ಎಲ್ಲಿದೆ ಓಮಾ?" ಎಂದು ಗಂಡ ಕೇಳಿದ.

"ಹಿಂದಿದೆ," ಎಂದಳು ಓಮಾ. ಚರ್ಚಿನ ಕಡೆಯವರಿರಬೇಕು ಎಂದುಕೊಂಡು ಕಾಫಿ ಮಾಡಿದಳು. ಬಾಳೆಕಾಯಿ ಕರಿದು ಮೆಣಸಿನಕಾಯಿ ಗೊಜ್ಜಿನ ಜೊತೆ ಕೊಟ್ಟಳು. ಬಂದವರು ತಿಂದರು, ನೀರಿಗಿಳಿದರು, ಫೋಟೋ ತೆಗೆದುಕೊಂಡರು, ಕತ್ತಲಾಗುವ ಮುಂಚೆ ಹೊರಟರು.

"ಯಾರೇ ಅವರು?" ಎಂದು ಓಮಾ ಕೇಳಿದಳು.

"ಗೊತ್ತಿಲ್ಲ," ಎಂದಳು ತ್ರಿವೇನಾ. ಅದು ನಿಜವೇ ಆಗಿತ್ತು.

"ಒಳ್ಳೇ ಜನ. ಬಾತುಕೋಳಿಗೂ ಸ್ನಾನ ಮಾಡಿಸಿದ್ರು."

ಸೋಮವಾರ ಶಾಲೆಯಲ್ಲಿ ಪುಟ ತೆರೆದರೆ ಅವಳ ಬುಗ್ಗೆಗೆ ನಾಲ್ಕು ಸ್ಟಾರ್ ಬಂದಿತ್ತು. ಕೆಳಗೆ ಯಾರೋ ಬರೆದಿದ್ದರು: 'ನೀರು ಚೆನ್ನಾಗಿದೆ. ಕೋಳಿ ಜಾಸ್ತಿ.' ಮುಂದಿನ ವಾರ ಇನ್ನೊಬ್ಬರು ಬರೆದರು: 'ಅಜ್ಜಿ ಕಾಫಿ ಕೊಟ್ಟರು. ಸಕ್ಕರೆ ಹೆಚ್ಚಾಗಿತ್ತು.' ಸ್ಟಾರ್ ಹೆಚ್ಚಿದ್ದ ಬುಗ್ಗೆ ಪುಟದ ಮೇಲ್ತುದಿಗೆ ಹೋಗುವ ಹಾಗೆ ಎಂಗ್ಕು ಮಾಡಿದ್ದರು. ಓಮಾ ದೀನ್ ಬುಗ್ಗೆ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತು. ಗೀಸರಿಗೆ ಒಂದೇ ಸ್ಟಾರ್ ಬಂದಿತ್ತು, ಅವತ್ತು ಕರೆಂಟಿರಲಿಲ್ಲವಂತೆ.

ತ್ರಿವೇನಾ ಕಾರಿಡಾರಿನಲ್ಲಿ ಸ್ವಲ್ಪ ನಿಧಾನವಾಗಿ ನಡೆಯತೊಡಗಿದಳು. ಯಾರಾದರೂ ಬುಗ್ಗೆಯ ಬಗ್ಗೆ ಕೇಳಬೇಕೆಂದರೆ ಕೇಳಲಿ ಎಂದು.

ಕಾರುಗಳು ಬರುತ್ತಲೇ ಇದ್ದವು. ಮೊದಲು ಶನಿವಾರ, ಆಮೇಲೆ ವಾರದ ನಡುವೆ ಸಂಜೆ ಹೊತ್ತೂ. ಓಮಾ ಕಾಫಿ ಕೊಡುವುದನ್ನು ನಿಲ್ಲಿಸಿದಳು. ಚರ್ಚಿನ ಕಡೆಯವರು ಇಷ್ಟೊಂದು ಜನ ಇರಲಾರರು ಎಂದು ಅವಳಿಗೂ ಅನ್ನಿಸಿತ್ತು.

ಒಂದು ದಿನ ಓಮಾ ಕರಿದ ಕೆರೆಮೀನನ್ನು ಬಟ್ಟಲಿಗೆ ಹಾಕಿ, "ನೋನಿ, ಮಗಳೇ, ಇದನ್ನ ಯೂಲ್‌ಗೆ ಕೊಟ್ಟು ಬಾ," ಎಂದಳು. "ಯಾಕೋ ಅವಳು ಈ ಕಡೆ ತಲೆಯೇ ಹಾಕಿಲ್ಲ."

ತಾಂತಾ ಯೂಲ್, ಅಂದರೆ ಯೂಲ್ ಅತ್ತೆ, ಮೂರು ಮನೆ ಆಚೆ ಒಬ್ಬರೇ ಇದ್ದರು. ಲಕ್ವ ಹೊಡೆದ ಮೇಲೆ ಅವರ ಎಡಗೈ, ಎಡಗಾಲು ಸರಿಯಾಗಿ ಮಾತು ಕೇಳುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಆಡಿಸುತ್ತಿರಿ ಎಂದು ಡಾಕ್ಟರ್ ಹೇಳಿದ್ದರು. ಅಂದಿನಿಂದ ಸಂಜೆಯಾದರೆ ಕೊರಳಿಗೆ ಟವೆಲ್ ಸುತ್ತಿಕೊಂಡು, ಕೋಲೂರುತ್ತ ಹಿತ್ತಲಿಗೆ ಬರುತ್ತಿದ್ದರು. ಓಮಾ ಅವರ ಮೊಣಕೈ ಹಿಡಿದು ನೀರಿಗಿಳಿಸುತ್ತಿದ್ದಳು. ಆಮೇಲೆ ಇಬ್ಬರೂ ಸರೋಂಗ್ ಉಟ್ಟು ಕೊರಳಮಟ್ಟ ನೀರಿನಲ್ಲಿ ಕೂತು ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ತ್ರಿವೇನಾ ಹುಟ್ಟಿದಾಗಿನಿಂದ ಕೇಳಿದ ಅರ್ಧ ಸುದ್ದಿ ಆ ಹೊಂಡದಿಂದಲೇ ಬಂದದ್ದು.

ಈಗ ತಾಂತಾ ಯೂಲ್ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬಕೆಟ್. ಅದರೊಳಗೆ ಅವರ ಎಡಗೈ.

"ಏನು ಮಾಡ್ತಿದೀರಾ ತಾಂತಾ?"

"ಕೈಗೆ ಸ್ನಾನ ಮಾಡಿಸ್ತಿದೀನಿ. ಮಿಕ್ಕಿದ್ದಕ್ಕೆ ಬಕೆಟಲ್ಲಿ ಜಾಗ ಇಲ್ಲ."

"ನಮ್ಮನೆಗೆ ಯಾಕೆ ಬರ್ತಿಲ್ಲ?"

"ಜನ ಇರ್ತಾರಲ್ಲ ನೋನಿ." ಅವರು ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ಮೊನ್ನೆ ಬಂದಿದ್ದೆ. ನಾನು ನೀರಿಗಿಳಿಯೋದು ನೋಡಿದೀಯಲ್ಲ, ಅಕ್ಕಿಮೂಟೆ ಜಾರಿದ ಹಾಗೆ. ಯಾವುದೋ ಹುಡುಗ ಫೋನ್ ಹಿಡ್ಕೊಂಡು ನಿಂತಿದ್ದ. ನನ್ನನ್ನೇ ತೆಗೆದನೋ, ಬಾಳೆಗಿಡ ತೆಗೆದನೋ, ನಾನು ಕೇಳೋಕೆ ಹೋಗ್ಲಿಲ್ಲ. ವಾಪಸ್ ಬಂದೆ."

ತ್ರಿವೇನಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಹೇಳಬೇಕೆಂದು ಬಾಯಿ ತೆರೆದಳು.

"ನೀರು ತಣ್ಣಗಾಯ್ತು," ಎಂದರು ತಾಂತಾ ಯೂಲ್. "ಆ ಕೆಟಲ್ ಇತ್ತ ಕೊಡು."

ತ್ರಿವೇನಾ ಕೆಟಲ್ಲಿನ ನೀರನ್ನು ನಿಧಾನವಾಗಿ ಬಕೆಟಿಗೆ ಬಗ್ಗಿಸಿದಳು. ನೀರಿನೊಳಗೆ ಆ ಕೈ ಒಂದು ಬದಿಗೆ ಮಲಗಿತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಮನೆಗೆ ಬಂದಳು.

ಓಮಾ ಸೊಪ್ಪು ಬಿಡಿಸುತ್ತಿದ್ದಳು. ತ್ರಿವೇನಾ ಪಕ್ಕದಲ್ಲಿ ಕೂತು ತಾನೂ ಸ್ವಲ್ಪ ಬಿಡಿಸಿದಳು. ಆಮೇಲೆ ಎಲ್ಲ ಹೇಳಿದಳು. ಸಾಲು, ಸೊನ್ನೆ, ಫೋಟೋ, ಸ್ಟಾರ್, ಬಕೆಟ್.

ಓಮಾ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು.

"ಸಕ್ಕರೆ ಹೆಚ್ಚು ಅಂತ ಬರೆದಿದಾರಾ?"

"ಹ್ಞೂಂ."

"ಯಾರು?"

"ಹೆಸರಿಲ್ಲ ಓಮಾ."

ಓಮಾ ಮತ್ತೆ ಸೊಪ್ಪಿಗೆ ಕೈ ಹಾಕಿದಳು. "ನನ್ನನ್ನ ಕೇಳಲಿಲ್ಲ, ಅದಿರಲಿ. ಯೂಲ್ ಮಳೆ ಬಂದ್ರೂ ತಪ್ಪಿಸಿದವಳಲ್ಲ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ತ್ರಿವೇನಾಗೆ ಅನ್ನಿಸಿತು.

ಮರುದಿನ ಅವಳು ಎಂಗ್ಕು ನೋಲ್ಡಿಯ ಮೇಜಿನ ಹತ್ತಿರ ಹೋಗಿ ನಿಂತಳು. "ಎಂಗ್ಕು, ನನ್ನ ಸಾಲು ಡಿಲೀಟ್ ಮಾಡ್ಬೇಕು."

"ಯಾವ ಸಾಲು?"

"ಎಲ್ಲಕ್ಕಿಂತ ಮೇಲಿರೋದು."

ಎಂಗ್ಕು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬರೋ ವಾರ ಇಲಾಖೆ ಸಾಹೇಬರು ನೋಡೋಕೆ ಬರ್ತಾರಮ್ಮ. ಮೊದಲು ಅದನ್ನೇ ತೋರಿಸೋಣ ಅಂತಿದ್ದೆ. ಕಾರಣ ಏನು?"

"ಅದು ನಮ್ಮನೆ, ಎಂಗ್ಕು."

"ಹಾಕುವಾಗ ಯಾರ ಮನೆ ಆಗಿತ್ತು?" ಎಂದು ರಿವಾಲ್ಡೋ ಹಿಂದಿನಿಂದ ಕೇಳಿದ.

ಕೆಲವರು ನಕ್ಕರು. ತ್ರಿವೇನಾಳ ಕಿವಿ ಬಿಸಿಯಾಯಿತು. ಅವಳು ಮೇಜಿನ ಮೇಲೆ ಬಾಗಿದಳು. "ಅಲ್ಲಿ ಸ್ನಾನಕ್ಕೆ ಬರೋ ಒಬ್ರು ಈಗ ಬರ್ತಿಲ್ಲ," ಎಂದು ಎಂಗ್ಕುಗೆ ಮಾತ್ರ ಕೇಳುವಂತೆ ಹೇಳಿದಳು.

ಎಂಗ್ಕು ಅವಳ ಮುಖ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು ಜಾಗ ಬಿಟ್ಟರು. "ಸಾಲು ನಿಂದು. ನೀನೇ ತೆಗಿ."

ತೆಗೆಯುವುದಕ್ಕೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಪುಟ ಮತ್ತೆ ತೆರೆದಾಗ ಚರ್ಚಿನ ಹಿಂದಿನ ಬುಗ್ಗೆ ಮೇಲಕ್ಕೆ ಬಂದಿತ್ತು. ನಾಲ್ಕು ಸ್ಟಾರ್ ಎಲ್ಲಿಗೆ ಹೋದವೋ ಗೊತ್ತಾಗಲಿಲ್ಲ.

"ಆ ಕೋಳಿ ಫೋಟೋ ಚೆನ್ನಾಗಿತ್ತು ಕಣೇ," ಎಂದ ರಿವಾಲ್ಡೋ ಬೆಲ್ ಹೊಡೆದ ಮೇಲೆ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಸಮಾಧಾನ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಆದರೆ ಶನಿವಾರ ಮತ್ತೆ ಕಾರು ಬಂತು. ಅದರಲ್ಲಿ ಬಂದವರು ಪುಟವನ್ನು ಫೋನಿನಲ್ಲಿ ಉಳಿಸಿಟ್ಟುಕೊಂಡಿದ್ದರು. ಅವರ ಹಿಂದೆ ಬಂದವರಿಗೆ ತಂಗಿ ಹೇಳಿದ್ದಳಂತೆ. ಆ ತಂಗಿಗೆ ಯಾರು ಹೇಳಿದ್ದರೋ. ಒಂದು ಕಂಪ್ಯೂಟರಿನಿಂದ ತೆಗೆದಿದ್ದು ಇನ್ನೆಷ್ಟೋ ಜನರ ಜೇಬಿನಲ್ಲಿ ಹಾಗೇ ಇತ್ತು.

ತ್ರಿವೇನಾ ಮೆಟ್ಟಿಲ ಮೇಲೆ ಕೂತು ಅವರು ಹೊರಟುಹೋಗುವವರೆಗೂ ಕಾದಳು. ಆಮೇಲೆ ಎದ್ದು ತಾಂತಾ ಯೂಲ್ ಮನೆಗೆ ಹೋದಳು. ಈ ಸಲ ಕೈಯಲ್ಲಿ ಬಟ್ಟಲಿರಲಿಲ್ಲ.

"ವೆಬ್‌ಸೈಟಿಗೆ ಬುಗ್ಗೆ ಹಾಕಿದ್ದು ನಾನು ತಾಂತಾ," ಎಂದು ಬಾಗಿಲಲ್ಲೇ ನಿಂತು ಹೇಳಿದಳು. "ತೆಗೆದೂ ಆಯ್ತು. ಆದ್ರೂ ಬರ್ತಿದಾರೆ."

ತಾಂತಾ ಯೂಲ್ ಅವಳನ್ನು ನೋಡಿದರು. ಒಲೆಯ ಮೇಲೆ ಕೆಟಲ್ ಸದ್ದು ಮಾಡುತ್ತಿತ್ತು.

"ಅದರಲ್ಲಿ ನನ್ನ ಫೋಟೋ ಇತ್ತಾ?"

"ಇಲ್ಲ. ಕೋಳಿದು ಮಾತ್ರ ಇತ್ತು."

"ಕೋಳಿನ ಕೇಳಿ ತೆಗೆದಿದ್ಯಾ?"

"ಇಲ್ಲ," ಎಂದಳು ತ್ರಿವೇನಾ. "ಯಾರನ್ನೂ ಕೇಳ್ಲಿಲ್ಲ."

ತಾಂತಾ ಯೂಲ್ ಕೈ ಚಾಚಿ ಒಲೆ ಆರಿಸಿದರು. "ಆ ಟವೆಲ್ ತಗೋ. ಈ ಬಕೆಟ್ ಸಾಕಾಗಿದೆ ನಂಗೆ."

ದಾರಿಯುದ್ದಕ್ಕೂ ತ್ರಿವೇನಾ ಅವರ ಎಡಗೈ ಹಿಡಿದುಕೊಂಡಿದ್ದಳು. ಅದು ಇಷ್ಟೊಂದು ಭಾರವಿರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಓಮಾ ದಿನವೂ ಹಿಡಿಯುತ್ತಿದ್ದಾಗ ಹಗುರವಾಗೇ ಕಾಣುತ್ತಿತ್ತು.

ಹೊಂಡದ ಹತ್ತಿರ ಓಮಾ ಆಗಲೇ ಸರೋಂಗ್ ಉಟ್ಟು ನಿಂತಿದ್ದಳು. "ಪಾಸ್ಟರ್ ಮನೆ ಹಂದಿ ತಪ್ಪಿಸಿಕೊಂಡಿದ್ದು ಗೊತ್ತಾಯ್ತಾ?" ಎಂದಳಷ್ಟೇ.

"ಎಲ್ಲಿಂದ ಗೊತ್ತಾಗತ್ತೆ? ಬಕೆಟ್ ಹೇಳತ್ತಾ?"

ತ್ರಿವೇನಾ ಅವರಿಬ್ಬರನ್ನೂ ಬಿಟ್ಟು ಮುಂದಿನ ಗೇಟಿಗೆ ಬಂದಳು. ಹಿತ್ತಲಿಗೆ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತಳು. ಸರೋವರದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಂದು ಬಿಳಿ ಕಾರು ಬಂದು ನಿಂತಿತು. ಹೆಗಲಿಗೆ ಟವೆಲ್ ಹಾಕಿಕೊಂಡಿದ್ದ ಒಬ್ಬರು ಕಿಟಕಿ ಇಳಿಸಿದರು. "ಇಲ್ಲೊಂದು ಬುಗ್ಗೆ ಇದೆಯಂತಲ್ಲ ಪುಟ್ಟಿ?"

ಇಲ್ಲ ಎಂದುಬಿಡಬಹುದಿತ್ತು.

"ಇದೆ," ಎಂದಳು ತ್ರಿವೇನಾ. "ಆದ್ರೆ ಅದು ಮನೆಯವರದ್ದು. ಈಗ ಒಳಗೆ ಮನೆಯವರಿದಾರೆ."

"ಓ. ಅವರದ್ದು ಮುಗಿಯೋಕೆ ಎಷ್ಟು ಹೊತ್ತಾಗತ್ತೆ?"

ಅವಳು ಯೋಚಿಸಿದಳು. ಬಾಳೆಗಿಡಗಳ ಹಿಂದಿನಿಂದ ನೀರು ಕಲಕಿದ ಸದ್ದು, ಅದರ ಹಿಂದೆಯೇ ತಾಂತಾ ಯೂಲ್ ನಕ್ಕ ಸದ್ದು ಕೇಳಿತು. ಹಂದಿ ಎಲ್ಲಿಗೋ ನುಗ್ಗಿರಬೇಕು.

"ಹೇಳೋಕಾಗಲ್ಲ," ಎಂದಳು ತ್ರಿವೇನಾ. "ಇವತ್ತು ತುಂಬ ಸುದ್ದಿ ಬಾಕಿ ಇದೆ."

ಅವರು ಕಿಟಕಿ ಏರಿಸಿಕೊಂಡು ಹೊರಟರು. ತ್ರಿವೇನಾ ಹಿಂದಿರುಗಿ ನೋಡಲಿಲ್ಲ. ಮೊಣಕಾಲುಗಳನ್ನು ಅಪ್ಪಿಕೊಂಡು, ಮುಂದಿನ ಕಾರು ಬರಬಹುದಾದ ರಸ್ತೆಯನ್ನು ನೋಡುತ್ತ ಕೂತಳು.