ಏಣಿ ಬಾರದ ಅಂಗಡಿ

"ಬೋರ್ಡ್ ಸೊಟ್ಟ ಇದೆ."

ಅವಳು ಅವನಿಗೆ ಹೇಳಿದ ಮೊದಲ ಮಾತೇ ಇದು. ಏಣಿಯ ತುದಿಯಲ್ಲಿದ್ದವನು ಸರಸರ ಇಳಿದು ಬಂದು, ಅವಳ ಪಕ್ಕದಲ್ಲೇ ನಿಂತು ಕತ್ತೆತ್ತಿದ. ತೋಳು ತಾಗುವಷ್ಟು ಹತ್ತಿರ... ಅವಳ ಎದೆ ಸುಮ್ಮಸುಮ್ಮನೆ ಡವಗುಟ್ಟಿತು.

"ಸೊಟ್ಟ ಇರೋದು ಬೋರ್ಡಲ್ಲ ಟೈಲರ್ ಮೇಡಂ, ಗೋಡೆ," ಅಂದು ನಕ್ಕ. ಅವಳು ಅಲ್ಲೇ ಸೋತಳು.

ಆಗ ಊರಾಚೆಯ ಆ ಮಾಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೊದಲು ಐಸ್‌ಕ್ರೀಮ್ ಅಂಗಡಿಯಿದ್ದ ಮೂಲೆಯಲ್ಲಿ ಅವಳ ಹೊಲಿಗೆ ಮಷೀನು ಕೂತಿತು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು. ಅವನು ಮಾಲಿನ ಎಲೆಕ್ಟ್ರಿಷಿಯನ್. ಸದಾ ಹೆಗಲ ಮೇಲೆ ಏಣಿ, ಹಾಗಾಗಿ ಎಲ್ಲರ ಬಾಯಲ್ಲೂ ಏಣಿಯಪ್ಪ. ಅವಳ ಫ್ಲಾಸ್ಕಿನ ಟೀಯಲ್ಲಿ ದಿನವೂ ಅವನಿಗೊಂದು ಪಾಲು.

ಆಮೇಲೆ ಪೇಟೆಯ ನಡುವೆ ಹೊಸ ಮಾಲ್ ಎದ್ದಿತು. ಇಲ್ಲಿ ಚಪ್ಪಲಿ ಅಂಗಡಿ ಹೋಗಿ ಮೊಬೈಲ್ ಅಂಗಡಿ ಬಂತು. ಅದೂ ಹೋಗಿ ಟ್ಯೂಷನ್ ಬಂತು. ಟ್ಯೂಷನ್ನೂ ಗಂಟುಮೂಟೆ ಕಟ್ಟಿತು. ಆಟಿಕೆ ಅಂಗಡಿಯಲ್ಲಿ ಈಗ ಮುರಿದ ಕುರ್ಚಿಗಳ ರಾಶಿ. ಎಸ್ಕಲೇಟರ್ ಕೂಡ ಸುಸ್ತಾಗಿ ನಿಂತುಬಿಟ್ಟಿತ್ತು.

ಅವನೂ ಟೀಗೆ ಬರುವುದು ಬಿಟ್ಟ.

ಅವಳ ಬೋರ್ಡಿನ ದೀಪ ಕೆಟ್ಟು ವರ್ಷವಾಗಿತ್ತು. ಆಫೀಸಿಗೆ ಹೇಳಿ ಹೇಳಿ ಬಾಯಿ ಸೋತಿತ್ತು. ಏಣಿ ಅವಳ ಬಾಗಿಲು ದಾಟಿ ಹೋಗುತ್ತಿತ್ತು, ಹೊತ್ತವನು ಇತ್ತ ತಿರುಗುತ್ತಲೂ ಇರಲಿಲ್ಲ.

'ನನ್ನ ಮುಖ ನೋಡೋದೂ ಬೇಡವಾಯ್ತಾ ಇವನಿಗೆ?'

ಕೇಳುವ ತ್ರಾಣವಿರಲಿಲ್ಲ. ಬಾರದ ಗಿರಾಕಿಗಾಗಿ ಕಾದು ಕಾದೇ ಅವಳು ಹಣ್ಣಾಗಿದ್ದಳು.

ಕೊನೆಗೊಂದು ದಿನ ಅವಳೇ ಹುಡುಕಿಕೊಂಡು ಹೋದಳು. ಮಾಲಿನ ಹಿಂದಿನ ರೂಮಿನಲ್ಲಿ ಅವನು ವೈರ್ ಸುತ್ತುತ್ತಿದ್ದ.

"ಅಂಗಡಿ ಖಾಲಿ ಮಾಡ್ತಿದೀನಿ. ದೀಪ ಹಾಕೋಕಂತೂ ಬರಲಿಲ್ಲ, ಬೋರ್ಡ್ ಇಳಿಸೋಕಾದ್ರೂ ಬನ್ನಿ."

ವೈರ್ ಅವನ ಕೈಯಿಂದ ಜಾರಿತು.

"ಈಚೆಗೆ ನಿಮ್ಮಲ್ಲಿ ನಾನು ಏಣಿ ಇಡಲೇ ಇಲ್ವಲ್ಲ..."

"ಏನಂದ್ರಿ?"

"ಚಪ್ಪಲಿ ಅಂಗಡಿಗೆ ದೀಪ ಹಾಕ್ದೆ, ಮುಚ್ಚಿಹೋಯ್ತು. ಆಟಿಕೆ ಅಂಗಡಿ ಫ್ಯಾನ್ ರಿಪೇರಿ ಮಾಡ್ದೆ, ಅವರೂ ಹೋದ್ರು. ಏಣಿಯಪ್ಪ ಏಣಿ ಇಟ್ಟ ಕಡೆ ಅಂಗಡಿ ಉಳಿಯಲ್ಲ ಅಂತ ಎಲ್ಲರೂ ಆಡ್ಕೊಂಡ್ರು. ನಾನೂ ನಂಬಿಬಿಟ್ಟೆ. ನಿಮ್ಮದೊಂದಾದ್ರೂ ಉಳೀಲಿ ಅಂತ..."

"ಟೀಗೂ ಬರಲಿಲ್ವಲ್ಲ?"

"ಬಂದ್ರೆ ದೀಪ ಹಾಕು ಅಂತೀರಿ. ನಿಮಗೆ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ." ಅವನು ತಲೆ ತಗ್ಗಿಸಿದ. "ನೀವೂ ಹೋದ್ರೆ ಈ ಮಾಲಲ್ಲಿ ನನಗೇನಿದೆ?"

ಅವಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

"ಅಂಗಡಿ ಮುಚ್ತಿರೋದು ಜನ ಇಲ್ಲದೆ ಕಣ್ರೀ, ನಿಮ್ಮ ಏಣಿಯಿಂದಲ್ಲ. ಕತ್ತಲೆ ಬೋರ್ಡ್ ಕೆಳಗೆ ಕೂತು ನಾನು ಅತ್ತಿದ್ದು ಮಾತ್ರ ನಿಮ್ಮಿಂದ."

ಅವನು ಏಣಿ ತಂದ, ಅವಳು ಹಿಡಿದುಕೊಂಡಳು. ಬೋರ್ಡ್ ಇಳಿದಾಗ ಅದರ ಹಿಂದಿನಿಂದ ಐಸ್‌ಕ್ರೀಮ್ ಅಂಗಡಿಯ ಗುಲಾಬಿ ಬಣ್ಣ ಇಣುಕಿತು.

"ಇನ್ನು ಮನೆ ಮುಂದಿನ ಕೋಣೇಲಿ ಹೊಲೀತೀನಿ," ಅಂದಳು. "ಬೋರ್ಡ್ ಹಾಕೋಕೆ ನೀವೇ ಬರಬೇಕು."

"ಬೇಡ... ನನ್ನ ಏಣಿ..."

"ಏಣಿ ಇಲ್ಲೇ ಬಿಟ್ಟು ಬನ್ನಿ. ನಮ್ಮ ಬಾಗಿಲು ಗಿಡ್ಡ, ಸ್ಟೂಲು ಸಾಕು."

ಅವನು ಬೋರ್ಡಿನ ಧೂಳು ಒರೆಸುತ್ತಾ ನಿಂತ.

"ಬಂದವನು ವಾಪಸ್ ಹೋಗದಿದ್ರೆ?"

ಅವಳು ಫ್ಲಾಸ್ಕ್ ಎತ್ತಿ ಅಲುಗಾಡಿಸಿ ನೋಡಿದಳು.

"ಈ ಫ್ಲಾಸ್ಕ್ ಸಾಲಲ್ಲ. ದೊಡ್ಡದು ತಗೋಬೇಕು."